ಚಂಡಮಾರುತದ ನಂತರ ಆಶ್ರಯದ ಅಗತ್ಯವನ್ನು ಅಂದಾಜಿಸುವುದು: ಸ್ವಯಂಸೇವಕ ತಂಡಗಳಿಗೆ ಸಮಗ್ರ ಮಾರ್ಗದರ್ಶಿ

ಚಂಡಮಾರುತ ದಾಟಿದ ಮೇಲೆ ಸಮೀಕ್ಷೆಗೆ ಇಳಿಯುವ ಸ್ವಯಂಸೇವಕ ತಂಡಗಳು ಮತ್ತೆ ಮತ್ತೆ ಒಂದೇ ಕಡೆ ಎಡವುತ್ತವೆ. ಹಗಲಿನಲ್ಲಿ ಬೀದಿಬೀದಿ ಸುತ್ತಿ, ಬಿದ್ದ ಮನೆಗಳನ್ನು ಎಣಿಸಿ, ಆ ಸಂಖ್ಯೆಯನ್ನೇ ಆಶ್ರಯದ ಅಗತ್ಯವೆಂದು ಬರೆದು ಕಳುಹಿಸುತ್ತವೆ. ಆದರೆ ಮನೆ ಕಳೆದುಕೊಂಡ ಕುಟುಂಬವೊಂದು ಬಂಧುಗಳ ಮನೆಯಲ್ಲಿ ಸುರಕ್ಷಿತವಾಗಿರಬಹುದು. ಹೊರಗಿನಿಂದ ಗಟ್ಟಿಯಾಗಿ ಕಾಣುವ ಮನೆಯವರು ಒಳಗೆ ಕೆಸರು ತುಂಬಿರುವುದರಿಂದ ರಾತ್ರಿಯನ್ನೆಲ್ಲ ಮೆಟ್ಟಿಲ ಮೇಲೆ ಕುಳಿತು ಕಳೆಯುತ್ತಿರಬಹುದು. ಆದ್ದರಿಂದ ತಿಳಿಯಬೇಕಾದ ಪ್ರಶ್ನೆಗಳು ಎರಡು: ಇಂದು ರಾತ್ರಿ ಯಾರು ಎಲ್ಲಿ ಮಲಗುತ್ತಾರೆ, ಮತ್ತು ಅವರು ತಮ್ಮ ಮನೆಗೆ ಮರಳಲು ಅಡ್ಡಿಯಾಗಿರುವುದು ಏನು. ಕೆಳಗಿನ ಹಂತಗಳ ಕ್ರಮವು ಈ ಎರಡು ಪ್ರಶ್ನೆಗಳನ್ನು ಅನುಸರಿಸಿದೆ. ಒಂದು ಹಂತವನ್ನು ಬಿಟ್ಟು ಮುಂದಿನದಕ್ಕೆ ಹಾರಿದರೆ ಅದೇ ಬೀದಿಗೆ ಎರಡನೆಯ ಬಾರಿ ಹೋಗಬೇಕಾಗುತ್ತದೆ, ಮತ್ತು ಆ ವಿಳಂಬದ ಹೊರೆ ಬೀಳುವುದು ಸೂರಿಲ್ಲದವರ ಮೇಲೆ.

ಹಂತ 1: ಹೊರಡುವ ಮುನ್ನ ತಿಳಿದಿರುವುದನ್ನು ಒಟ್ಟುಗೂಡಿಸಿ

ಮೊದಲ ಕೆಲಸವೆಂದರೆ ಸ್ಥಳೀಯ ಆಡಳಿತದ ವಿಪತ್ತು ನಿರ್ವಹಣಾ ಕಚೇರಿಯನ್ನು ಸಂಪರ್ಕಿಸಿ, ಯಾವ ಪ್ರದೇಶಕ್ಕೆ ಈಗಾಗಲೇ ಯಾವ ತಂಡ ಹೋಗಿದೆ, ಅವರು ಯಾವ ನಮೂನೆಯನ್ನು ಬಳಸುತ್ತಿದ್ದಾರೆ ಎಂದು ಕೇಳುವುದು. ಅಂತರರಾಷ್ಟ್ರೀಯ ನೆರವು ಬಂದಿರುವ ದೊಡ್ಡ ವಿಪತ್ತುಗಳಲ್ಲಿ ಆಶ್ರಯದ ಕೆಲಸ ಮಾಡುವ ಸಂಸ್ಥೆಗಳನ್ನು ಒಂದೆಡೆ ಸೇರಿಸುವ ‘ಶೆಲ್ಟರ್ ಕ್ಲಸ್ಟರ್’ ಎಂಬ ಏರ್ಪಾಡು ಇರಬಹುದು. ಪ್ರಕೃತಿ ವಿಕೋಪಗಳಲ್ಲಿ ಅದನ್ನು ಹಲವು ವರ್ಷಗಳ ಕಾಲ ರೆಡ್ ಕ್ರಾಸ್ ಮತ್ತು ರೆಡ್ ಕ್ರೆಸೆಂಟ್ ಸಂಘಗಳ ಅಂತರರಾಷ್ಟ್ರೀಯ ಒಕ್ಕೂಟ ನಡೆಸಿದೆ. ಅಂಥ ಏರ್ಪಾಡಿದ್ದರೆ ಅವರ ನಮೂನೆಯನ್ನೇ ಬಳಸಿ. ನಿಮ್ಮದೇ ನಮೂನೆ ಎಷ್ಟೇ ಚೆನ್ನಾಗಿದ್ದರೂ ಇತರರ ಲೆಕ್ಕಕ್ಕೆ ಹೊಂದಿಕೆಯಾಗದಿದ್ದರೆ ಅದು ಕಡತದಲ್ಲಿಯೇ ಉಳಿಯುತ್ತದೆ.

ಎರಡನೆಯ ಕೆಲಸ ನಕ್ಷೆ. ಚಂಡಮಾರುತ ಸಾಗಿದ ದಾರಿಯನ್ನು ಅದರ ಮೇಲೆ ಗುರುತಿಸಿ. ಉತ್ತರಾರ್ಧಗೋಳದಲ್ಲಿ ಅದು ಸಾಗಿದ ದಿಕ್ಕಿನ ಬಲಬದಿಯಲ್ಲಿ, ದಕ್ಷಿಣಾರ್ಧಗೋಳದಲ್ಲಿ ಎಡಬದಿಯಲ್ಲಿ ಗಾಳಿಯ ವೇಗವೂ ಕಡಲಿನ ಉಬ್ಬರವೂ ಸಾಮಾನ್ಯವಾಗಿ ಹೆಚ್ಚಾಗಿರುತ್ತವೆ. ಅನಂತರ ತಗ್ಗಿನ ಕರಾವಳಿ, ನದೀಮುಖ, ಕಡಿದಾದ ಇಳಿಜಾರು ಮತ್ತು ದುರ್ಬಲ ಮನೆಗಳು ಒತ್ತೊತ್ತಾಗಿರುವ ವಸತಿಗಳನ್ನು ಗುರುತಿಸಿ. ಸಫೀರ್–ಸಿಂಪ್ಸನ್ ಮಾಪಕದ ವರ್ಗವನ್ನು ನೋಡಿ ಹಾನಿಯನ್ನು ಊಹಿಸುವುದು ತೀರಾ ಸಾಮಾನ್ಯವಾದ ತಪ್ಪು. ಆ ಮಾಪಕವು ಗಾಳಿಯ ವೇಗವನ್ನಷ್ಟೇ ಅಳೆಯುತ್ತದೆ. 1ನೇ ವರ್ಗ ಗಂಟೆಗೆ 119 ಕಿಲೋಮೀಟರಿನಿಂದ, 5ನೇ ವರ್ಗ 252 ಕಿಲೋಮೀಟರಿನಿಂದ ಆರಂಭವಾಗುತ್ತದೆ. ಉಬ್ಬರದ ಎತ್ತರವಾಗಲಿ ಮಳೆಯ ಪ್ರಮಾಣವಾಗಲಿ ಅದರಲ್ಲಿ ಸೇರಿಲ್ಲ. ಕೆಳವರ್ಗದ ಚಂಡಮಾರುತವೂ ನಿಧಾನವಾಗಿ ಸಾಗಿದರೆ ಇಡೀ ವಸತಿಯನ್ನು ನೀರಿನಲ್ಲಿ ಮುಳುಗಿಸಬಲ್ಲದು.

ಎಚ್ಚರಿಕೆಯ ಲಕ್ಷಣ: ಯಾವುದೇ ಸುದ್ದಿ ಬಾರದ ಊರು. ಹೆಚ್ಚು ಕರೆಗಳು ಬರುವ ಸ್ಥಳಕ್ಕೆ ಮೊದಲು ಓಡುವುದು ಸಹಜ, ಆದರೆ ಅಲ್ಲಿ ಕನಿಷ್ಠ ಫೋನಾದರೂ ಕೆಲಸ ಮಾಡುತ್ತಿದೆ. ಮೌನವಾಗಿರುವ ಸ್ಥಳಗಳನ್ನು ನಕ್ಷೆಯಲ್ಲಿ ಬೇರೆ ಬಣ್ಣದಿಂದ ಗುರುತಿಸಿ, ಭೇಟಿಯ ಪಟ್ಟಿಯಲ್ಲಿ ಅವುಗಳನ್ನು ಮೇಲಿಡಿ.

ಹಂತ 2: ತಂಡವನ್ನೂ ಸಾಮಗ್ರಿಗಳನ್ನೂ ಸಿದ್ಧಪಡಿಸಿ

ಒಂದು ತಂಡದಲ್ಲಿ ಮೂವರಿದ್ದರೆ ಅನುಕೂಲ: ಒಬ್ಬರು ಮಾತನಾಡಲು, ಒಬ್ಬರು ಬರೆಯಲು, ಇನ್ನೊಬ್ಬರು ಕಟ್ಟಡವನ್ನು ನೋಡಿ ಅಳೆಯಲು. ಮಾತನಾಡುವವರೇ ಬರೆಯಲು ಹೊರಟರೆ ಎದುರಿಗಿರುವವರ ಮುಖವನ್ನು ನೋಡುವುದಿಲ್ಲ, ಮತ್ತು ಹೇಳಲು ಹಿಂಜರಿದ ಮಾತು ತಪ್ಪಿಹೋಗುತ್ತದೆ. ಪ್ರತಿ ತಂಡದಲ್ಲಿಯೂ ಕನಿಷ್ಠ ಒಬ್ಬ ಮಹಿಳೆಯೂ ಅಲ್ಲಿನ ಜನರ ಮಾತನ್ನು ಬಲ್ಲ ಒಬ್ಬರೂ ಇರಲೇಬೇಕು.

ಬೇಕಾದ ಸಾಮಗ್ರಿಗಳು ದುಬಾರಿಯಲ್ಲ: ಅಳತೆ ಟೇಪು, ಮುದ್ರಿತ ನಮೂನೆಗಳು, ಪೆನ್ಸಿಲ್, ನೀರು ತಾಗದ ಚೀಲ, ಟಾರ್ಚ್, ಸೀಟಿ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ದಪ್ಪ ಅಟ್ಟೆಯ ಬೂಟು, ಕೈಗವಸು, ಪವರ್ ಬ್ಯಾಂಕ್, ಮತ್ತು ತಂಡಕ್ಕೆ ಇಡೀ ದಿನಕ್ಕೆ ಸಾಲುವಷ್ಟು ಕುಡಿಯುವ ನೀರು ಹಾಗೂ ಆಹಾರ. ಸಂತ್ರಸ್ತರ ಬಳಿ ಇರುವ ನೀರನ್ನು ಕುಡಿಯುವ ಸ್ಥಿತಿಗೆ ತಂಡ ಬರಬಾರದು. ಕೊಬೊಟೂಲ್‌ಬಾಕ್ಸ್‌ನಂತಹ ಉಚಿತ ವ್ಯವಸ್ಥೆಗಳು ಇಂಟರ್ನೆಟ್ ಇಲ್ಲದಿದ್ದಾಗಲೂ ಫೋನಿನಲ್ಲಿ ನಮೂನೆ ತುಂಬಲು ಅವಕಾಶ ಕೊಡುತ್ತವೆ. ಆದರೂ ಕಾಗದದ ನಮೂನೆಗಳನ್ನು ಒಯ್ಯದೆ ಹೊರಡಬೇಡಿ. ಪೆನ್ನಿನ ಬದಲು ಪೆನ್ಸಿಲ್ ಎಂದದ್ದಕ್ಕೆ ಕಾರಣವಿದೆ: ಒದ್ದೆ ಕಾಗದದ ಮೇಲೆ ಶಾಯಿ ಹರಡುತ್ತದೆ, ಪೆನ್ಸಿಲಿನ ಗೆರೆ ಉಳಿಯುತ್ತದೆ.

ಹೊರಡುವ ಮುನ್ನ ತಂಡದವರೇ ಒಬ್ಬರನ್ನೊಬ್ಬರು ಸಂದರ್ಶಿಸಿ ನಮೂನೆಯನ್ನು ಪರೀಕ್ಷಿಸಬೇಕು. ಒಂದು ಮನೆಗೆ 20 ನಿಮಿಷಕ್ಕಿಂತ ಹೆಚ್ಚು ಸಮಯ ಹಿಡಿದರೆ ಪ್ರಶ್ನೆಗಳನ್ನು ಕಡಿತಗೊಳಿಸಿ. ಯಾವ ಉತ್ತರದಿಂದ ನೆರವಿನ ಸ್ವರೂಪವಾಗಲಿ ಪ್ರಮಾಣವಾಗಲಿ ಬದಲಾಗುವುದಿಲ್ಲವೋ ಆ ಪ್ರಶ್ನೆಯನ್ನು ಕೇಳುವ ಹಕ್ಕು ನಮಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹಂತ 3: ಪ್ರದೇಶವನ್ನು ಸುರಕ್ಷಿತವಾಗಿ ಪ್ರವೇಶಿಸಿ

ಚಂಡಮಾರುತದ ಕಣ್ಣು ಹಾದುಹೋಗುವಾಗ ಗಾಳಿ ಥಟ್ಟನೆ ಶಾಂತವಾಗಿ, ಸ್ವಲ್ಪ ಹೊತ್ತಿನ ನಂತರ ವಿರುದ್ಧ ದಿಕ್ಕಿನಿಂದ ಮತ್ತೆ ಅಪ್ಪಳಿಸುತ್ತದೆ. ಆದ್ದರಿಂದ ಹವಾಮಾನ ಇಲಾಖೆಯ ಪ್ರಕಟಣೆ ಬರುವವರೆಗೆ ಹೊರಡಬಾರದು. ಕೆಳಗೆ ಬಿದ್ದ ವಿದ್ಯುತ್ ತಂತಿಯಿಂದ ಕನಿಷ್ಠ 10 ಮೀಟರ್ ದೂರವಿರಿ. ಅದು ನೀರಿನಲ್ಲಿ ಬಿದ್ದಿದ್ದರೆ ಆ ನೀರಿನ ಹತ್ತಿರವೂ ಸುಳಿಯಬೇಡಿ. ನಿಂತ ನೀರಿನಲ್ಲಿ ಚರಂಡಿಯ ಕೊಳೆ, ಮುಚ್ಚಳ ಕಳಚಿದ ಗುಂಡಿಗಳು, ಮೊಳೆ ಎದ್ದ ಹಲಗೆಗಳು ಅಡಗಿರುತ್ತವೆ. ಇಲಿಜ್ವರ ಹರಡುವುದೂ ಇಂಥ ನೀರಿನಿಂದಲೇ. ಮುರಿದ ಹಳೆಯ ಸಿಮೆಂಟ್ ಶೀಟುಗಳಲ್ಲಿ ಕಲ್ನಾರು ಇರುವ ಸಾಧ್ಯತೆಯಿರುವುದರಿಂದ ಅವುಗಳನ್ನು ಮುರಿಯಬಾರದು, ಧೂಳೆಬ್ಬಿಸಬಾರದು.

ಮುಚ್ಚಿದ ಕೋಣೆಯಲ್ಲಿಯಾಗಲಿ ಕಿಟಕಿಯ ಪಕ್ಕದಲ್ಲಿಯಾಗಲಿ ಜನರೇಟರ್ ಓಡುತ್ತಿರುವುದು ಕಂಡರೆ ಸಮೀಕ್ಷೆಯನ್ನು ನಿಲ್ಲಿಸಿ ಮೊದಲು ಅದನ್ನು ಹೇಳಿ. ಅದರಿಂದ ಹೊರಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಗಾಳಿಯಿಂದ ಬದುಕುಳಿದ ಕುಟುಂಬಗಳು ಅದರಿಂದ ನಿದ್ದೆಯಲ್ಲಿಯೇ ಸಾಯುತ್ತವೆ. ಜನರೇಟರ್ ಮನೆಯ ಹೊರಗೆ, ಬಾಗಿಲು ಮತ್ತು ಕಿಟಕಿಗಳಿಂದ ಕನಿಷ್ಠ 6 ಮೀಟರ್ ದೂರದಲ್ಲಿರಬೇಕು.

ಹಂತ 4: ಜನರು ಎಲ್ಲಿ ಮಲಗುತ್ತಿದ್ದಾರೆ ಎಂಬುದನ್ನು ಕಂಡುಹಿಡಿಯಿರಿ

ಇಡೀ ಕೆಲಸದ ತಿರುಳು ಇಲ್ಲಿದೆ. ಚಂಡಮಾರುತದ ನಂತರ ಜನರು ಸಾಮಾನ್ಯವಾಗಿ ನಾಲ್ಕು ಬಗೆಯ ಸ್ಥಳಗಳಲ್ಲಿ ಹಂಚಿಹೋಗಿರುತ್ತಾರೆ: ಹಾನಿಗೊಂಡ ತಮ್ಮದೇ ಮನೆಯಲ್ಲಿ ಅಥವಾ ಅದರ ಪಕ್ಕದಲ್ಲಿ, ಬಂಧುಮಿತ್ರರ ಮನೆಗಳಲ್ಲಿ, ಶಾಲೆ, ಸಭಾಭವನ, ಪ್ರಾರ್ಥನಾ ಮಂದಿರಗಳಂತಹ ಸಾಮೂಹಿಕ ಕೇಂದ್ರಗಳಲ್ಲಿ, ರಸ್ತೆಬದಿ, ಬಯಲು, ವಾಹನ, ದೋಣಿಗಳಂತಹ ತೆರೆದ ಸ್ಥಳಗಳಲ್ಲಿ. ಪ್ರತಿ ವಸತಿಯಲ್ಲಿಯೂ ಈ ನಾಲ್ಕಕ್ಕೂ ಬೇರೆಬೇರೆ ಸಂಖ್ಯೆಯನ್ನು ಪಡೆಯದೆ ಮುಂದಿನ ಹಂತಕ್ಕೆ ಹೋಗಬೇಡಿ.

ಹಗಲಿನ ಎಣಿಕೆಯನ್ನು ನಂಬಲಾಗುವುದಿಲ್ಲ. ಹಗಲಿನಲ್ಲಿ ಜನರು ಮನೆಯ ಅವಶೇಷಗಳಲ್ಲಿ ಸಾಮಾನು ಹುಡುಕಲು, ನೀರು ತರಲು, ಸಾಲಿನಲ್ಲಿ ನಿಲ್ಲಲು ಹೋಗಿರುತ್ತಾರೆ. ಆಗ ಸಾಮೂಹಿಕ ಕೇಂದ್ರ ಖಾಲಿಯಾಗಿ ಕಾಣುತ್ತದೆ. ಕತ್ತಲಾದ ಮೇಲೆ ಅಥವಾ ಬೆಳಕು ಹರಿಯುವ ಮುನ್ನ ಅಲ್ಲಿ ಕಾಲಿಡಲೂ ಜಾಗವಿರುವುದಿಲ್ಲ. ಭದ್ರತೆಯ ಕಾರಣದಿಂದ ನಿಮ್ಮ ತಂಡ ರಾತ್ರಿ ಹೋಗಲಾಗದಿದ್ದರೆ ಅದೇ ಕೇಂದ್ರದಲ್ಲಿ ತಂಗಿರುವ ಇಬ್ಬರಿಗೆ ಎಣಿಸುವ ಕ್ರಮವನ್ನು ತೋರಿಸಿಕೊಟ್ಟು, ಬೆಳಿಗ್ಗೆ ಅವರಿಂದ ಸಂಖ್ಯೆಯನ್ನು ಪಡೆಯಿರಿ.

ಬಹುತೇಕ ವರದಿಗಳಲ್ಲಿ ಕಾಣೆಯಾಗುವುದು ಎರಡನೆಯ ಗುಂಪು. ಬಂಧುಗಳ ಮನೆಯಲ್ಲಿರುವವರು ಕಣ್ಣಿಗೆ ಬೀಳುವುದಿಲ್ಲ, ಕೇಳಿದರೆ “ನಾವು ಚೆನ್ನಾಗಿದ್ದೇವೆ” ಎನ್ನುತ್ತಾರೆ. ಆದರೆ ಐದು ಜನರಿಗೆಂದು ಕಟ್ಟಿದ ಮನೆಯಲ್ಲಿ ಹದಿನಾಲ್ಕು ಜನರು ಬಹಳ ದಿನ ಇರಲಾರರು. ಆಹಾರ, ನೀರು, ಶೌಚಾಲಯ ಎಲ್ಲವೂ ಒತ್ತಡಕ್ಕೆ ಸಿಲುಕಿ, ಕೆಲವೇ ವಾರಗಳಲ್ಲಿ ಅವರು ಎರಡನೆಯ ಬಾರಿ ನಿರಾಶ್ರಿತರಾಗುತ್ತಾರೆ. ಆದ್ದರಿಂದ ಹಾನಿಯಾಗದ ಮನೆಗಳ ಬಾಗಿಲನ್ನೂ ತಟ್ಟಿ, “ಚಂಡಮಾರುತದ ನಂತರ ನಿಮ್ಮ ಮನೆಗೆ ಯಾರಾದರೂ ಬಂದು ಉಳಿದಿದ್ದಾರೆಯೇ? ಅವರನ್ನು ಇನ್ನೆಷ್ಟು ದಿನ ಇಟ್ಟುಕೊಳ್ಳಲು ನಿಮಗೆ ಸಾಧ್ಯ?” ಎಂದು ಕೇಳಿ. ಎರಡನೆಯ ಪ್ರಶ್ನೆಯನ್ನು ಬಂದವರ ಎದುರಿನಲ್ಲಿ ಕೇಳಬಾರದು.

ಒಂದೇ ಕುಟುಂಬವನ್ನು ಎರಡು ಕಡೆ ಎಣಿಸುವುದು ಇನ್ನೊಂದು ತಪ್ಪು. ಹೆಂಗಸರು ಮತ್ತು ಮಕ್ಕಳು ಶಾಲೆಯಲ್ಲಿದ್ದು, ಕಳ್ಳತನದ ಭಯದಿಂದ ಒಬ್ಬರು ಮುರಿದ ಮನೆಯ ಬಳಿಯೇ ಉಳಿದಿರುತ್ತಾರೆ. “ಒಂದೇ ಅಡುಗೆಯನ್ನು ಹಂಚಿಕೊಂಡು ಬಾಳುವವರು” ಎಂಬುದನ್ನು ಕುಟುಂಬದ ವ್ಯಾಖ್ಯೆಯಾಗಿ ಎಲ್ಲ ತಂಡಗಳೂ ಒಪ್ಪಿಕೊಂಡು, ನಿನ್ನೆ ರಾತ್ರಿ ಪ್ರತಿಯೊಬ್ಬರೂ ಮಲಗಿದ ಸ್ಥಳದಲ್ಲಿಯೇ ಅವರನ್ನು ದಾಖಲಿಸಬೇಕು.

ತಾವಾಗಿಯೇ ಮುಂದೆ ಬಾರದವರನ್ನು ಹುಡುಕಿಕೊಂಡು ಹೋಗುವುದು ತಂಡದ ಹೊಣೆ. ಹಾಸಿಗೆ ಹಿಡಿದ ವೃದ್ಧರು, ಅಂಗವಿಕಲರು, ಬಾಡಿಗೆದಾರರು, ವಲಸೆ ಕಾರ್ಮಿಕರು, ಕಾಗದಪತ್ರಗಳಿಲ್ಲದವರು ಯಾವ ಪಟ್ಟಿಯಲ್ಲಿಯೂ ಇರುವುದಿಲ್ಲ. ಊರಿನ ಮುಖಂಡರು ಕೊಡುವ ಪಟ್ಟಿಯನ್ನು ಗೌರವದಿಂದ ಪಡೆದುಕೊಳ್ಳಿ. ಆದರೆ ಆರೋಗ್ಯ ಕಾರ್ಯಕರ್ತರನ್ನೂ ಶಿಕ್ಷಕರನ್ನೂ ಪ್ರತ್ಯೇಕವಾಗಿ ಕೇಳಿ, ಆ ಪಟ್ಟಿಯಲ್ಲಿ ಯಾರಿಲ್ಲ ಎಂಬುದನ್ನು ತಿಳಿದುಕೊಳ್ಳಿ.

ಹಂತ 5: ಮನೆಗಳ ಹಾನಿಯನ್ನು ವರ್ಗೀಕರಿಸಿ

ನಾಲ್ಕು ವರ್ಗಗಳು ಸಾಕು: ಹಾನಿಯಿಲ್ಲ, ಅಲ್ಪ ಹಾನಿ, ಅಂದರೆ ಮನೆಯಲ್ಲಿ ಇದ್ದುಕೊಂಡೇ ದುರಸ್ತಿ ಮಾಡಬಹುದು, ತೀವ್ರ ಹಾನಿ, ಅಂದರೆ ದುರಸ್ತಿ ಸಾಧ್ಯ ಆದರೆ ಅಲ್ಲಿಯವರೆಗೆ ವಾಸ ಸಾಧ್ಯವಿಲ್ಲ, ಪೂರ್ಣ ನಾಶ. ಪ್ರತಿಯೊಂದು ವರ್ಗಕ್ಕೂ ಒಂದು ಮಾದರಿ ಛಾಯಾಚಿತ್ರವನ್ನು ಎಲ್ಲ ತಂಡಗಳಿಗೂ ಕೊಡಿ. ಇಲ್ಲವಾದರೆ ಒಂದು ತಂಡದ ‘ಅಲ್ಪ’ ಇನ್ನೊಂದು ತಂಡದ ‘ತೀವ್ರ’ವಾಗುತ್ತದೆ.

ನೋಡುವ ಕ್ರಮ ಹೊರಗಿನಿಂದ ಒಳಕ್ಕೆ. ಮೊದಲು ಮನೆಯ ಸುತ್ತ ಒಂದು ಸುತ್ತು ಬನ್ನಿ. ಗಾಳಿಯ ಎಳೆತ ಚಾವಣಿಯ ಅಂಚು, ಮೂಲೆ ಮತ್ತು ನೆತ್ತಿಯಲ್ಲಿ ಅತ್ಯಂತ ಹೆಚ್ಚಾಗಿರುವುದರಿಂದ ತಗಡು ಅಥವಾ ಹೆಂಚು ಅಲ್ಲಿಂದಲೇ ಕಿತ್ತುಬರುತ್ತದೆ. ಹೊದಿಕೆ ಮಾತ್ರ ಹಾರಿ ತೊಲೆ, ರೀಪುಗಳು ಸ್ವಸ್ಥಾನದಲ್ಲಿದ್ದರೆ ಟಾರ್ಪಾಲಿನ್ ಹೊದಿಸಿ ಮನೆಯನ್ನು ಬೇಗ ವಾಸಯೋಗ್ಯಗೊಳಿಸಬಹುದು. ತೊಲೆಗಳೇ ಮುರಿದಿದ್ದರೆ ಮರವೂ ಬಡಗಿಯೂ ಬೇಕು. ಈ ವ್ಯತ್ಯಾಸವನ್ನು ದಾಖಲಿಸದೆ “ಚಾವಣಿ ಹೋಗಿದೆ” ಎಂದಷ್ಟೇ ಬರೆದರೆ ಸಾಮಗ್ರಿ ಕಳುಹಿಸುವವರಿಗೆ ಏನೂ ತಿಳಿಯುವುದಿಲ್ಲ. ಅನಂತರ ಗೋಡೆಗಳು ನೆಟ್ಟಗಿವೆಯೇ, ಮೂಲೆಗಳಲ್ಲಿ ಬಿರುಕು ಬಿಟ್ಟಿದೆಯೇ, ಅಡಿಪಾಯದ ಕೆಳಗಿನ ಮಣ್ಣು ಕೊಚ್ಚಿಹೋಗಿದೆಯೇ ಎಂದು ನೋಡಿ. ಕೊನೆಯದಾಗಿ, ಸುರಕ್ಷಿತವೆನಿಸಿದರೆ ಮತ್ತು ಮನೆಯವರು ಒಪ್ಪಿದರೆ ಮಾತ್ರ, ಒಳಗೆ ಹೋಗಿ ಗೋಡೆಯ ಮೇಲಿನ ನೀರಿನ ಗುರುತನ್ನು ನೆಲದಿಂದ ಅಳೆಯಿರಿ.

ಓರೆಯಾದ ಗೋಡೆ, ಜೋತುಬಿದ್ದ ಚಾವಣಿ, ಇದ್ದಕ್ಕಿದ್ದಂತೆ ತೆರೆಯಲಾಗದ ಬಾಗಿಲು, ನೋಡನೋಡುತ್ತಲೇ ಅಗಲವಾಗುವ ಬಿರುಕು, ಅನಿಲದ ವಾಸನೆ: ಇವುಗಳಲ್ಲಿ ಒಂದು ಕಂಡರೂ ಒಳಗೆ ಕಾಲಿಡಬೇಡಿ. ಅತ್ಯಂತ ಮುಖ್ಯವಾದ ಮಾತೆಂದರೆ, “ಈ ಮನೆ ಸುರಕ್ಷಿತ” ಎಂದು ಸ್ವಯಂಸೇವಕರು ಎಂದಿಗೂ ಹೇಳಬಾರದು. ಅದನ್ನು ಹೇಳುವ ಅರ್ಹತೆ ತರಬೇತಿ ಪಡೆದ ಎಂಜಿನಿಯರ್‌ಗೆ ಮಾತ್ರ ಇದೆ. ನಿಮ್ಮ ಮಾತನ್ನು ನಂಬಿ ಕುಟುಂಬವೊಂದು ಆ ರಾತ್ರಿ ಅಲ್ಲಿ ಮಲಗುತ್ತದೆ.

ಪ್ರತಿ ಮನೆಯಲ್ಲಿಯೂ ಒಂದು ಪ್ರಶ್ನೆಗೆ ಉತ್ತರ ಬರೆಯಿರಿ: ಒಂದೇ ಒಂದು ಕೋಣೆಯನ್ನಾದರೂ ಒಣಗಿಸಿ, ಮುಚ್ಚಿ, ಬಾಗಿಲು ಹಾಕಿಕೊಳ್ಳುವಂತೆ ಮಾಡಬಹುದೇ? ಹೌದಾದರೆ ಅದಕ್ಕೆ ಬೇಕಾದುದೇನು? ತಮ್ಮ ನಿವೇಶನದಲ್ಲಿಯೇ ಒಂದು ಒಣ ಕೋಣೆ ಸಿಕ್ಕಿದರೆ ಬಹಳಷ್ಟು ಕುಟುಂಬಗಳು ಡೇರೆಗಿಂತ ಅದನ್ನೇ ಬಯಸುತ್ತವೆ.

ಹಂತ 6: ಸಾಮೂಹಿಕ ಕೇಂದ್ರಗಳನ್ನು ಅಳೆಯಿರಿ

ಇಲ್ಲಿ ಕಣ್ಣಂದಾಜು ನಡೆಯುವುದಿಲ್ಲ, ಟೇಪು ಹಿಡಿಯಬೇಕು. ಮಾನವೀಯ ನೆರವಿನ ಸಂಸ್ಥೆಗಳು ಅನುಸರಿಸುವ ಸ್ಫಿಯರ್ ಮಾನದಂಡಗಳ ಪ್ರಕಾರ ಒಬ್ಬ ವ್ಯಕ್ತಿಗೆ ಅಡುಗೆ ಮತ್ತು ಸ್ನಾನದ ಜಾಗವನ್ನು ಬಿಟ್ಟು ಕನಿಷ್ಠ 3.5 ಚದರ ಮೀಟರ್ ವಾಸದ ಜಾಗ, ದಿನಕ್ಕೆ ಕನಿಷ್ಠ 15 ಲೀಟರ್ ನೀರು, ಆರಂಭದ ದಿನಗಳಲ್ಲಿ 50 ಜನರಿಗೆ ಒಂದು ಶೌಚಾಲಯ ಹಾಗೂ ಆದಷ್ಟು ಬೇಗ 20 ಜನರಿಗೆ ಒಂದು ಶೌಚಾಲಯ ಇರಬೇಕು.

ಉದಾಹರಣೆಗೆ, ಶಾಲೆಯೊಂದರಲ್ಲಿ 6 ಮೀಟರ್ ಅಗಲ, 7 ಮೀಟರ್ ಉದ್ದದ 8 ಕೋಣೆಗಳಿವೆ, ರಾತ್ರಿ 240 ಜನರು ಮಲಗುತ್ತಾರೆ ಎಂದುಕೊಳ್ಳೋಣ. ಒಂದು ಕೋಣೆ 42 ಚದರ ಮೀಟರ್, ಅಂದರೆ 12 ಜನರಿಗೆ ಸಾಕು. ಎಂಟು ಕೋಣೆಗಳಲ್ಲಿ 96 ಜನರು. ಉಳಿದ 144 ಜನರಿಗೆ ಬೇರೆ ಜಾಗ ಬೇಕು. ಈಗ ಪ್ರತಿಯೊಬ್ಬರಿಗೂ ಸಿಗುತ್ತಿರುವುದು 1.4 ಚದರ ಮೀಟರ್. ದಿನಕ್ಕೆ 3,600 ಲೀಟರ್ ನೀರು, ತಕ್ಷಣಕ್ಕೆ 5 ಮತ್ತು ಮುಂದೆ 12 ಶೌಚಾಲಯಗಳು ಬೇಕು. “ಶಾಲೆ ತುಂಬಿದೆ” ಎಂದು ಬರೆಯುವುದಕ್ಕೂ “144 ಜನರಿಗೆ ಜಾಗವಿಲ್ಲ” ಎಂದು ಬರೆಯುವುದಕ್ಕೂ ಇರುವ ಅಂತರವೇ ಸಮೀಕ್ಷೆಯ ಪ್ರಯೋಜನ.

ಅಳತೆಯ ಜೊತೆಗೆ ಗಮನಿಸಬೇಕಾದವು: ಶೌಚಾಲಯಗಳು ಹೆಂಗಸರಿಗೂ ಗಂಡಸರಿಗೂ ಬೇರೆಬೇರೆಯಾಗಿವೆಯೇ, ಒಳಗಿನಿಂದ ಚಿಲಕವಿದೆಯೇ, ದಾರಿಯಲ್ಲಿ ಬೆಳಕಿದೆಯೇ, ಗಾಲಿಕುರ್ಚಿ ಒಳಗೆ ಬರುತ್ತದೆಯೇ, ಕುಟುಂಬಗಳ ನಡುವೆ ಮರೆಯಿದೆಯೇ. ಹೆಂಗಸರು ಸಂಜೆಯ ನಂತರ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದಾರೆ ಎಂದು ಕೇಳಿಬಂದರೆ ರಾತ್ರಿ ಶೌಚಾಲಯಕ್ಕೆ ಹೋಗಲು ಅವರಿಗೆ ಭಯವಿದೆ ಎಂದರ್ಥ. ಅದನ್ನು ವರದಿಯ ಮೊದಲ ಸಾಲುಗಳಲ್ಲಿಯೇ ಬರೆಯಿರಿ. ಶಾಲೆ ಯಾವಾಗ ಮತ್ತೆ ತೆರೆಯಬೇಕಾಗಿದೆ ಎಂಬ ದಿನಾಂಕವನ್ನೂ ಕೇಳಿ, ಏಕೆಂದರೆ ಅಲ್ಲಿರುವವರನ್ನು ಅಷ್ಟರೊಳಗೆ ಬೇರೆಡೆ ನೆಲೆಗೊಳಿಸಬೇಕಾಗುತ್ತದೆ.

ಹಂತ 7: ಕುಟುಂಬಗಳೊಡನೆ ಮಾತನಾಡಿ

ಮೊದಲು ನೀವು ಯಾರು, ಏಕೆ ಬಂದಿದ್ದೀರಿ, ಮಾಹಿತಿಯನ್ನು ಯಾರಿಗೆ ಕೊಡುತ್ತೀರಿ ಎಂದು ತಿಳಿಸಿ. ಉತ್ತರಿಸದಿದ್ದರೂ ನೆರವು ತಪ್ಪುವುದಿಲ್ಲವೆಂದು ಹೇಳಿ ಒಪ್ಪಿಗೆ ಪಡೆಯಿರಿ. ಯಾವ ಭರವಸೆಯನ್ನೂ ಕೊಡಬೇಡಿ. ಕನಿಕರದಿಂದ ಆಡಿದ “ನೋಡೋಣ, ವ್ಯವಸ್ಥೆ ಮಾಡಿಸುತ್ತೇವೆ” ಎಂಬ ಮಾತು ಕೇಳುವವರಿಗೆ ವಾಗ್ದಾನವಾಗಿಯೇ ಕೇಳಿಸುತ್ತದೆ. ಅದು ಈಡೇರದಿದ್ದರೆ ಮುಂದೆ ಬರುವ ತಂಡಕ್ಕೆ ಬಾಗಿಲು ತೆರೆಯುವುದಿಲ್ಲ.

“ನಿಮಗೆ ಏನು ಬೇಕು?” ಎಂದು ಆರಂಭಿಸಬಾರದು. ಬಂದವರು ಏನು ಕೊಡಬಹುದೆಂದು ಜನರು ಊಹಿಸುತ್ತಾರೋ ಅದೇ ಉತ್ತರವಾಗಿ ಬರುತ್ತದೆ. “ನಿನ್ನೆ ರಾತ್ರಿ ನಿಮ್ಮ ಮನೆಯವರೆಲ್ಲ ಎಲ್ಲಿ ಮಲಗಿದ್ದಿರಿ? ಮಳೆ ಬಂದಾಗ ಏನು ಮಾಡಿದಿರಿ? ಮನೆಗೆ ಮರಳಲು ಏನು ಅಡ್ಡಿಯಾಗಿದೆ? ನೀವಾಗಿಯೇ ಏನೇನು ದುರಸ್ತಿ ಆರಂಭಿಸಿದ್ದೀರಿ, ಅದು ಎಲ್ಲಿ ನಿಂತಿದೆ?” ಎಂಬ ಕ್ರಮದಲ್ಲಿ ಕೇಳಿ. ಕೊನೆಯ ಪ್ರಶ್ನೆ ಬಹಳ ಬೆಲೆಯುಳ್ಳದ್ದು. ಕೆಲಸ ಮೊಳೆಯಿಲ್ಲದೆ ನಿಂತಿದೆಯೋ, ಕೈಯಾಳಿಲ್ಲದೆ ನಿಂತಿದೆಯೋ, ಮನೆಯ ಮಾಲೀಕರು ಒಪ್ಪದೆ ನಿಂತಿದೆಯೋ ಎಂಬುದರ ಮೇಲೆ ನೆರವು ಬೇರೆಯಾಗುತ್ತದೆ. ಬಾಡಿಗೆದಾರರಿಗೆ ಎಷ್ಟು ತಗಡು ಕೊಟ್ಟರೂ ಮಾಲೀಕರ ಒಪ್ಪಿಗೆಯಿಲ್ಲದೆ ಅದು ಚಾವಣಿಯಾಗುವುದಿಲ್ಲ.

ಹೆಂಗಸರೊಡನೆ ಪ್ರತ್ಯೇಕವಾಗಿ, ಮಹಿಳಾ ಸದಸ್ಯೆಯ ಮೂಲಕ ಮಾತನಾಡಿ. ದೌರ್ಜನ್ಯದ ಬಗ್ಗೆ ಕೆದಕಿ ಕೇಳಬೇಡಿ. ಯಾರಾದರೂ ತಾವಾಗಿ ಹೇಳಿದರೆ ನಮೂನೆಯಲ್ಲಿ ಹೆಸರು ಬರೆಯದೆ, ಅವರ ಒಪ್ಪಿಗೆಯೊಂದಿಗೆ ಆ ಸೇವೆ ಒದಗಿಸುವವರ ಸಂಪರ್ಕಕ್ಕೆ ತನ್ನಿ. ಆ ಸಂಪರ್ಕದ ವಿವರ ಬೆಳಿಗ್ಗೆ ಹೊರಡುವಾಗಲೇ ನಿಮ್ಮ ಬಳಿ ಇರಬೇಕು.

ಹಂತ 8: ಸಂಖ್ಯೆಗಳನ್ನು ಸಾಮಗ್ರಿಯಾಗಿ ಪರಿವರ್ತಿಸಿ

ಕುಟುಂಬಗಳನ್ನು ಹಾನಿಯ ವರ್ಗದಿಂದಷ್ಟೇ ಗುಂಪು ಮಾಡದೆ, ಮರಳಲು ಇರುವ ಅಡ್ಡಿಯ ಪ್ರಕಾರ ಗುಂಪು ಮಾಡಿ: ಟಾರ್ಪಾಲಿನ್ ಮತ್ತು ಉಪಕರಣ ಸಿಕ್ಕಿದರೆ ನಾಳೆಯೇ ಮರಳಬಲ್ಲವರು, ಕೆಸರು ತೆಗೆದರೆ ಮರಳಬಲ್ಲವರು, ಮರಮುಟ್ಟು ಮತ್ತು ಬಡಗಿ ಬೇಕಾದವರು, ಬಂಧುಗಳ ಮನೆಯಲ್ಲಿ ಉಳಿಯಲು ಆ ಮನೆಗೇ ನೆರವು ಬೇಕಾದವರು, ಮರಳುವ ದಾರಿಯೇ ಇಲ್ಲದವರು.

ಪರಿಹಾರ ಸಂಸ್ಥೆಗಳು ಹಂಚುವ ಟಾರ್ಪಾಲಿನ್ ಸಾಮಾನ್ಯವಾಗಿ 4 ಮೀಟರ್ ಅಗಲ, 6 ಮೀಟರ್ ಉದ್ದವಿರುತ್ತದೆ. ಅದರ 24 ಚದರ ಮೀಟರ್ ಪೂರ್ತಿ ಬಳಕೆಗೆ ಬರುವುದಿಲ್ಲ. ಇಳಿಜಾರಿಗೆ, ಅಂಚು ಮಡಿಸಲು, ಒಂದರ ಮೇಲೊಂದು ಹೊದಿಸಲು ಸಾಕಷ್ಟು ಹೋಗುತ್ತದೆ. ಅದಕ್ಕಾಗಿಯೇ ಒಂದು ಕುಟುಂಬಕ್ಕೆ ಎರಡರಂತೆ ಲೆಕ್ಕ ಹಿಡಿಯುವುದು ರೂಢಿ. ಟಾರ್ಪಾಲಿನ್ ಬರೆದು ಹಗ್ಗ, ಮೊಳೆ, ಸುತ್ತಿಗೆ, ಗರಗಸ, ಕಟ್ಟುವ ತಂತಿ ಬರೆಯದಿರುವುದು ಪ್ರತಿ ಸಲವೂ ಕಾಣುವ ತಪ್ಪು. ಮೊಳೆಯನ್ನು ನೇರವಾಗಿ ಹೊಡೆದರೆ ಟಾರ್ಪಾಲಿನ್ ಮೊದಲ ಗಾಳಿಗೇ ಹರಿಯುತ್ತದೆ. ಅಂಚನ್ನು ರೀಪಿಗೆ ಸುತ್ತಿ, ಆ ರೀಪನ್ನು ಹೊಡೆಯಬೇಕು. ಆದ್ದರಿಂದ ರೀಪುಗಳೂ ಪಟ್ಟಿಯಲ್ಲಿರಲಿ.

ಎಲ್ಲ ಮನೆಗಳಿಗೂ ಹೋಗಲಾಗದಿದ್ದಾಗ ಕೆಲವನ್ನು ನೋಡಿ ಉಳಿದವುಗಳನ್ನು ಅಂದಾಜಿಸಬೇಕಾಗುತ್ತದೆ. ರಸ್ತೆಬದಿಯ ಮನೆಗಳನ್ನು ಮಾತ್ರ ನೋಡಿ ಇಡೀ ವಸತಿಗೆ ಆ ಪ್ರಮಾಣವನ್ನು ಹಚ್ಚಬೇಡಿ. ತಗ್ಗು, ದಿಬ್ಬ, ಕಡಲ ಅಂಚು, ಒಳಭಾಗ ಎಂದು ವಿಂಗಡಿಸಿ, ಪ್ರತಿ ಭಾಗದಲ್ಲಿಯೂ ಗೊತ್ತುಮಾಡಿದ ಅಂತರದಲ್ಲಿ, ಉದಾಹರಣೆಗೆ ಪ್ರತಿ ಹತ್ತನೆಯ ಮನೆಯನ್ನು ನೋಡಿ. ಫಲಿತಾಂಶವನ್ನು “180ರಿಂದ 220 ಕುಟುಂಬಗಳು” ಎಂಬಂತೆ ವ್ಯಾಪ್ತಿಯಾಗಿ ಬರೆಯಿರಿ, ಮತ್ತು ಯಾವುದು ಎಣಿಸಿದ್ದು, ಯಾವುದು ಅಂದಾಜು ಎಂಬುದನ್ನು ಸ್ಪಷ್ಟಪಡಿಸಿ.

ಹಂತ 9: ವರದಿ ಮಾಡಿ, ಮತ್ತೆ ಹೋಗಿ

ವರದಿ ಅದೇ ಸಂಜೆ ಹೋಗಬೇಕು, ಒಂದು ಪುಟ ಮೀರಬಾರದು. ಸ್ಥಳ, ದಿನಾಂಕ, ಭೇಟಿಯ ಸಮಯ, ನಾಲ್ಕು ಬಗೆಯ ಸ್ಥಳಗಳಲ್ಲಿ ಮಲಗುತ್ತಿರುವವರ ಸಂಖ್ಯೆ, ಅಡ್ಡಿಯ ಪ್ರಕಾರ ಕುಟುಂಬಗಳ ಗುಂಪು, ತಕ್ಷಣದ ಅಪಾಯ, ಬೇಕಾದ ಸಾಮಗ್ರಿ, ಹೋಗಲಾಗದ ಪ್ರದೇಶಗಳು: ಇಷ್ಟೇ. ಕೊನೆಯದನ್ನು ಬಿಟ್ಟರೆ ಓದುವವರು ಅಲ್ಲಿ ಅಗತ್ಯವೇ ಇಲ್ಲವೆಂದು ತಿಳಿಯುತ್ತಾರೆ. ಹೆಸರು, ಫೋನ್ ಸಂಖ್ಯೆ, ಮುಖದ ಚಿತ್ರಗಳನ್ನು ವರದಿಯಲ್ಲಿ ಸೇರಿಸಬೇಡಿ. ಮೂಲ ನಮೂನೆಗಳನ್ನು ಒಬ್ಬರ ಹೊಣೆಯಲ್ಲಿ ಬೀಗದೊಳಗಿಟ್ಟು, ಕೆಲಸ ಮುಗಿದ ಮೇಲೆ ನಾಶಪಡಿಸಿ.

ಮೊದಲ ವಾರದಲ್ಲಿ ಜನರು ಬಹಳ ವೇಗವಾಗಿ ಸ್ಥಳ ಬದಲಿಸುತ್ತಾರೆ. ಮೂರು ದಿನ ಹಳೆಯ ಸಂಖ್ಯೆಯನ್ನು ಹಿಡಿದು ಸಾಮಗ್ರಿ ಕಳುಹಿಸಬಾರದು. ಅದೇ ಸ್ಥಳಗಳಿಗೆ, ಸಾಧ್ಯವಾದರೆ ಅದೇ ತಂಡ, ಮತ್ತೆ ಹೋಗಬೇಕು. ಮರುಭೇಟಿಯಲ್ಲಿ ಉದ್ದನೆಯ ನಮೂನೆ ಬೇಡ. ಯಾರು ಮನೆಗೆ ಮರಳಿದ್ದಾರೆ, ಯಾರು ಹೊಸದಾಗಿ ಬಂದಿದ್ದಾರೆ, ಹಂಚಿದ ಟಾರ್ಪಾಲಿನ್ ಚಾವಣಿಯ ಮೇಲೇರಿದೆಯೇ ಅಥವಾ ಮಡಿಸಿದಂತೆಯೇ ಮೂಲೆಯಲ್ಲಿದೆಯೇ ಎಂದು ನೋಡಿ. ಮೂಲೆಯಲ್ಲಿದ್ದರೆ ಕಾರಣ ಕೇಳಿ: ಏಣಿಯಿಲ್ಲದಿರಬಹುದು, ಹತ್ತುವವರಿಲ್ಲದಿರಬಹುದು. ಮರಳಿದ್ದೇವೆ ಎನ್ನುವ ಕುಟುಂಬಗಳನ್ನೂ ರಾತ್ರಿ ಅಲ್ಲಿಯೇ ಮಲಗುತ್ತಿದ್ದಾರೆಯೇ ಎಂದು ಕೇಳಿದ ನಂತರವೇ ಪಟ್ಟಿಯಿಂದ ತೆಗೆಯಿರಿ.